ಕೆರೆ ಮೀನು ಕೊಳ್ಳುವ ಮುಂಚೆ ಕೆರೆ ನೋಡಿ

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಕೆರೆ ಏರಿಗಳ ಮೇಲೆ ಗಾಳ ಹಾಕಿ ಕೂತವರು ಒಬ್ಬಿಬ್ಬರಾದರೂ ಸಿಗುತ್ತಾರೆ. ಪಕ್ಕದ ಬಕೆಟ್ಟಿನಲ್ಲಿ ಜಿಲೇಬಿ ಮೀನು ಪಟಪಟ ಬಡಿದುಕೊಳ್ಳುತ್ತಿರುತ್ತದೆ. ಕಣ್ಣೆದುರೇ ಹಿಡಿದದ್ದು, ರೇಟೂ ಕಮ್ಮಿ, ಜೀವ ಬೇರೆ ಇದೆ. ಇನ್ನೇನು ಬೇಕು, ಅಲ್ವಾ? ಆದರೆ ಮೀನು ತಾಜಾ ಇರುವುದು ಬೇರೆ, ಅದು ಬೆಳೆದ ನೀರು ಚೆನ್ನಾಗಿರುವುದು ಬೇರೆ.

ಮೊದಲು ನೀರು ನೋಡಿ. ರಾಜಕಾಲುವೆ (ಊರಿನ ಮಳೆನೀರು ಹರಿಯುವ ದೊಡ್ಡ ಕಾಲುವೆ) ಕೆರೆಗೆ ಸೇರುವ ಜಾಗದಲ್ಲಿ ಎರಡು ನಿಮಿಷ ನಿಲ್ಲಿ. ಕಪ್ಪು ನೀರು, ಸೋಪಿನಂಥ ನೊರೆ, ಮೇಲೆ ಎಣ್ಣೆಯ ಬಣ್ಣಬಣ್ಣದ ಪದರ ಕಂಡರೆ ಬರಿಗೈಲಿ ಮನೆಗೆ ಬನ್ನಿ. ಬೆಳ್ಳಂದೂರು ಕೆರೆಯ ನೊರೆಗೆ 2015ರಲ್ಲಿ ಬೆಂಕಿ ಹತ್ತಿದ್ದು ನೆನಪಿದೆಯಲ್ಲ? ವೃಷಭಾವತಿ ನದಿಯಂತೆ ಕಾರ್ಖಾನೆ ನೀರು ಹರಿಯುವ ಕಡೆ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಸೇರುವ ಭಯ. ನೀರಿನ ಮೇಲೆ ಹಸಿರು ಪೇಂಟ್ ಚೆಲ್ಲಿದ ಹಾಗೆ ಪಾಚಿ ಕಟ್ಟಿದ್ದರೂ ಆ ಮೀನು ಬೇಡ. ಕೆಲವು ಪಾಚಿಗಳ ವಿಷ ಕುದಿಸಿದರೂ ಹೋಗುವುದಿಲ್ಲ.

ತೇಲುವ ಮೀನು ಪುಕ್ಕಟೆ ಕೊಟ್ಟರೂ ಬೇಡ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ದಡಕ್ಕೆ ಬಂದಿದ್ದವು. ಬೇಸಿಗೆಯ ಮೊದಲ ಮಳೆಗೆ ಚರಂಡಿಯ ಕೊಳಕೆಲ್ಲ ಒಂದೇ ಸಲ ಕೆರೆಗೆ ನುಗ್ಗಿದರೆ ನೀರಿನಲ್ಲಿ ಆಮ್ಲಜನಕ ಇಳಿದು ಹೀಗಾಗುತ್ತದೆ.

ಯಾವ ಮೀನು ಅಂತ ಕೇಳಿ. ಕ್ಯಾಟ್‌ಫಿಶ್‌ನ ಕೆಲವು ಜಾತಿ ನೀರಿನಿಂದ ತಲೆ ಎತ್ತಿ ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಹಾಗಾಗಿ ಬೇರೆ ಮೀನು ಬದುಕದ ಕೊಚ್ಚೆಯಲ್ಲೂ ಇದು ಕೊಬ್ಬುತ್ತದೆ. ಬಕೆಟ್ಟಿನಲ್ಲಿ ಒದ್ದಾಡುತ್ತಿದೆ ಅಂದ ಮಾತ್ರಕ್ಕೆ ನೀರು ಶುದ್ಧ ಅಂತಲ್ಲ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನಂತೂ ಕೇಂದ್ರ ಸರ್ಕಾರ 2000ರಲ್ಲೇ ನಿಷೇಧಿಸಿದೆ. ಒಂದೇ ಜಾತಿಯಲ್ಲಿ ದೊಡ್ಡದು, ಚಿಕ್ಕದು ಎರಡೂ ಇದ್ದರೆ ಚಿಕ್ಕದನ್ನೇ ತಗೊಳ್ಳಿ. ದೊಡ್ಡದು ಆ ನೀರನ್ನು ಜಾಸ್ತಿ ವರ್ಷ ಕುಡಿದಿರುತ್ತದೆ.

ಇನ್ನು ಕೊಯ್ಯುವುದು. ನೀರು ಪರವಾಗಿಲ್ಲ ಅನಿಸಿ ತಂದಿರಿ ಅಂದುಕೊಳ್ಳೋಣ. ಹುರುಪೆ ಕೆರೆದ ಮೇಲೆ ಕಿವಿರು ಪೂರ್ತಿ ಕಿತ್ತು ತೆಗೆಯಿರಿ. ನೀರೆಲ್ಲ ಸೋಸಿ ಹೋಗುವುದು ಅಲ್ಲಿಂದಲೇ. ಹೊಟ್ಟೆ ಸೀಳುವಾಗ ಕತ್ತಿಯ ತುದಿ ಆಳಕ್ಕೆ ಇಳಿಸಬೇಡಿ, ಕರುಳು ಒಡೆದರೆ ಒಳಗಿನ ಕೊಳಕು ಮಾಂಸಕ್ಕೆ ತಾಗುತ್ತದೆ. ಕರುಳು, ಲಿವರ್, ಬೆನ್ನುಮೂಳೆಗೆ ಅಂಟಿದ ಕಡುಗೆಂಪು ಮೂತ್ರಪಿಂಡ, ಮೂರನ್ನೂ ಕೆರೆದು ತೆಗೆಯಿರಿ. ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಹೆಚ್ಚಾಗಿ ಕೂರುವುದು ಇಂಥ ಕಡೆಯೇ. ಕೊಬ್ಬಿನಲ್ಲಿ ಕರಗುವ ಕೀಟನಾಶಕದಂಥವು ಚರ್ಮದಡಿಯಲ್ಲಿ, ಹೊಟ್ಟೆಭಾಗದ ಕೊಬ್ಬಿನಲ್ಲಿ ಉಳಿಯುತ್ತವೆ, ಅದನ್ನೂ ಕತ್ತರಿಸಿಬಿಡಿ. ತಲೆ ಸಾರು ಅಂದರೆ ನನಗೂ ಪ್ರಾಣ. ಆದರೆ ಊರೊಳಗಿನ ಕೆರೆ ಮೀನಿನ ತಲೆ ನಾನು ಪಾತ್ರೆಗೆ ಹಾಕುವುದಿಲ್ಲ.

ಬೇಯಿಸುವುದು. ಮುಳ್ಳಿನಿಂದ ಮಾಂಸ ಸಲೀಸಾಗಿ ಬಿಡುವ ತನಕ ಬೇಯಲಿ. ಚರಂಡಿಯಿಂದ ಬಂದ ರೋಗಾಣು, ಹುಳು ಇಷ್ಟಕ್ಕೆ ಸಾಯುತ್ತವೆ. ಉಪ್ಪು, ಅರಿಶಿನ, ಹುಣಸೆಹುಳಿ ಹಚ್ಚಿ ತಿಕ್ಕಿದರೆ ಕೆಸರಿನ ವಾಸನೆಯೂ ಹೋಗುತ್ತದೆ. ಸೀಸ, ಪಾದರಸ ಮಾತ್ರ ಜಗ್ಗುವುದಿಲ್ಲ. ಎಷ್ಟು ಹೊತ್ತು ಕುದಿಸಿದರೂ ಅಷ್ಟೇ.

ಯಾರಿಗೆ ಬಡಿಸಬಾರದು? ಬಸುರಿಯರಿಗೆ, ಹಾಲುಣಿಸುವವರಿಗೆ, ಚಿಕ್ಕ ಮಕ್ಕಳಿಗೆ ಈ ಮೀನು ಬೇಡವೇ ಬೇಡ. ಸೀಸ ಮಕ್ಕಳ ಮಿದುಳಿಗೆ ಪೆಟ್ಟು ಕೊಡುತ್ತದೆ, ಪಾದರಸ ಹೊಟ್ಟೆಯಲ್ಲಿರುವ ಮಗುವನ್ನೂ ಮುಟ್ಟುತ್ತದೆ. ಕ್ಯಾಡ್ಮಿಯಂ ಕಿಡ್ನಿಗೆ ಕೆಡುಕು. ವಾಂತಿ, ಭೇದಿ ಆದರೆ ಮರುದಿನವೇ ಗೊತ್ತಾಗುತ್ತದೆ. ಇವು ಹಾಗಲ್ಲ, ವರ್ಷಗಟ್ಟಲೆ ಸುಮ್ನೆ ಮೈಯಲ್ಲಿ ಸೇರುತ್ತಾ ಹೋಗುತ್ತವೆ. ಉಳಿದವರೂ ವಾರವಾರ ಒಂದೇ ಕೆರೆಯದ್ದು ತಿನ್ನಬೇಡಿ.

ತೆಗೆದ ಕರುಳನ್ನು ಪೇಪರಿನಲ್ಲಿ ಸುತ್ತಿ ಹಸಿ ಕಸಕ್ಕೆ ಹಾಕಿ. ಬಾಗಿಲಲ್ಲಿ ಮಿಯಾಂವ್ ಅನ್ನುವ ಬೆಕ್ಕಿಗೆ ಎಸೆಯಬೇಡಿ. 1950ರ ದಶಕದಲ್ಲಿ ಜಪಾನಿನ ಮಿನಮಾಟದಲ್ಲಿ ಪಾದರಸದ ಮೀನು ತಿಂದು ಬೆಕ್ಕುಗಳು ಹುಚ್ಚುಹಿಡಿದಂತೆ ತೂರಾಡಿ ಸತ್ತಿದ್ದವು. ಜನ ಕಾಯಿಲೆ ಬಿದ್ದದ್ದೂ ಅದೇ ಮೀನಿನಿಂದ.