ಹಂಚು ಮಗುಚಿ ನೋಡಿದಾಗ

ಮಂಗಳೂರಿನ ಬಂದರು ಕಡೆಯ ಆ ಹಳೆ ಮನೆಯನ್ನು ಬಾರ್ ಮಾಡಿಕೊಡುವ ಕೆಲಸ ಒಪ್ಪಿಕೊಂಡಾಗ ನನ್ನ ತಲೆಯಲ್ಲಿದ್ದದ್ದು ಸೋರುವ ಮಾಡು ಮಾತ್ರ. ಮೊದಲ ದಿನವೇ ಒಂದು ಹಂಚು ಇಳಿಸಿ, ಮಗುಚಿ, ಪಾಚಿ ಉಜ್ಜಿದೆ. ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865 ಎಂಬ ಅಚ್ಚು ಕಂಡಿತು. ಮನೆಯೇ 1865ರದ್ದು ಅಂತ ಹುಡುಗರು ಕುಣಿದರು. ಹಾಗಲ್ಲ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯ ಹಂಚಿನ ಕಾರ್ಖಾನೆ ಶುರುವಾದ ವರ್ಷ. ಆಮೇಲೆ ಎಷ್ಟೋ ಕಾಲ ಅದೇ ಇಸವಿ ಅಚ್ಚಾಗುತ್ತಿತ್ತು.

ರಸ್ತೆ ಬದಿಯ ಕೋಣೆಯ ಹಂಚುಗಳಲ್ಲಿ ಬೇರೆ ಹೆಸರು: ಕಾಮನ್‌ವೆಲ್ತ್. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರು ಮಿಷನ್ನಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡರು, ಯುದ್ಧ ಮುಗಿದ ಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಹಾಗಾದರೆ ಈ ಕೋಣೆ ಮನೆಗಿಂತ ಕಿರಿಯದೇ? ಹಂಚು ಬದಲಾಯಿಸಿದ್ದೂ ಇರಬಹುದು, ಅದೊಂದನ್ನೇ ನಂಬುವಂತಿಲ್ಲ. ಗೋಡೆಯ ಮೂಲೆ ಕೆರೆಸಿ ನೋಡಿದೆ. ಮುರಕಲ್ಲುಗಳು, ಅಂದರೆ ನಮ್ಮ ಕಡೆಯ ಕೆಂಪು ಜಂಬಿಟ್ಟಿಗೆ ಕಲ್ಲುಗಳು, ಒಂದಕ್ಕೊಂದು ಕಚ್ಚಿಕೊಂಡಿರಲಿಲ್ಲ. ಮೇಲಿನಿಂದ ಕೆಳಗಿನವರೆಗೆ ನೇರ ಸಂದು, ಉಗುರು ತೂರುವಷ್ಟು. ಆಮೇಲೆ ಸೇರಿಸಿ ಕಟ್ಟಿದ ಕೋಣೆಯೇ ಸರಿ.

ಮನೆಯ ಹಿರಿಯಮ್ಮನನ್ನು ಕೇಳಿದೆ. “ಅದು ಗಡಂಗು ಆಗಿತ್ತು ಮಾರಾಯ್ರೆ, ನಮ್ಮ ಮಾವ ಹೇಳ್ತಿದ್ರು. ನಿಷೇಧ ಬಂದ ಮೇಲೆ ಅಡಿಕೆ ಮೂಟೆ ತುಂಬಿಸಿದ್ದು” ಅಂದರು. ಗಡಂಗು ಅಂದರೆ ಮದ್ಯದಂಗಡಿ. ಆ ಕಾಲದಲ್ಲಿ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು. 1948ರಲ್ಲಿ ಪಾನನಿಷೇಧ ಇಡೀ ಪ್ರಾಂತ್ಯಕ್ಕೆ ಬಂತು. ಇದು ತಿಳಿದದ್ದೇ ಮಾಲೀಕರು ನಕ್ಷೆ ಬದಲಾಯಿಸಿದರು. ಒಳಗಿನ ಹಜಾರದಲ್ಲಿ ಬರಬೇಕಿದ್ದ ಕೌಂಟರ್ ಗಡಂಗಿನ ಕೋಣೆಗೇ ಬಂತು. ನನಗಾದ ಖುಷಿ ಅಷ್ಟಿಷ್ಟಲ್ಲ.

ಕಷ್ಟ ಕೊಟ್ಟದ್ದು ಸಿಮೆಂಟು. ಹಿಂದೆ ಯಾರೋ ಗೋಡೆಗೆಲ್ಲ ಸಿಮೆಂಟ್ ಸಾರಣೆ ಮಾಡಿಸಿದ್ದರು. ಮುರಕಲ್ಲು ಮಳೆಗಾಲದಲ್ಲಿ ನೀರು ಕುಡಿಯುತ್ತದೆ, ಬಿಸಿಲು ಬಂದಾಗ ಅದನ್ನು ಬಿಟ್ಟುಕೊಡಬೇಕು. ಸಿಮೆಂಟ್ ಅದಕ್ಕೆ ದಾರಿ ಕೊಡುವುದಿಲ್ಲ. ಒಳಗೆ ಕಲ್ಲು ಉಪ್ಪು ಹಿಡಿದು, ಕೈಯಿಟ್ಟಲ್ಲಿ ಅವಲಕ್ಕಿಯ ಹಾಗೆ ಉದುರುತ್ತಿತ್ತು. ಸಾರಣೆಯನ್ನು ಪೂರ್ತಿ ಕಿತ್ತು, ಬೇಸಿಗೆಯಿಡೀ ಗೋಡೆ ಒಣಗಲು ಬಿಟ್ಟೆ. ಆಮೇಲೆ ವಾರಗಟ್ಟಲೆ ನೆನೆಸಿದ ಚಿಪ್ಪಿನ ಸುಣ್ಣಕ್ಕೆ ಮರಳು, ಬೆಲ್ಲದ ನೀರು ಸೇರಿಸಿ ತೆಳ್ಳಗೆ ಎರಡು ಸಲ ಸಾರಿಸಿದೆ. ತಡವಾಯಿತೆಂದು ಮಾಲೀಕರಿಗೆ ಬೇಸರವಿತ್ತು, ಆದರೆ ಸುಣ್ಣದ ಕೆಲಸಕ್ಕೆ ನಾನು ಅವಸರ ಮಾಡುವವನಲ್ಲ.

ಆ ನೇರ ಸಂದನ್ನು ಮಾತ್ರ ಮುಚ್ಚಲಿಲ್ಲ. ಈಗಲೂ ಕೌಂಟರಿನ ಹಿಂದೆ, ಬಾಟಲಿಗಳ ಪಕ್ಕದಲ್ಲಿ ಕಾಣುತ್ತದೆ. ಹಂಚಿನಡಿಯ ಮರದ ಪಕ್ಕಾಸು, ರೀಪು ಹೊಸದು; ಹಂಚುಗಳನ್ನು ಮಾತ್ರ ಎಲ್ಲೆಲ್ಲಿದ್ದವೋ ಅಲ್ಲಲ್ಲೇ ಹೊದೆಸಿದ್ದೇವೆ. ಮುಂದೆ ಒಡೆದರೆ ಬೇಕಾಗುತ್ತದೆಂದು 40 ಹಂಚು ಅಟ್ಟದಲ್ಲಿ ಎತ್ತಿಟ್ಟಿದ್ದೇನೆ, ಮಿಷನ್ನಿನವು ಒಂದು ಸಾಲು, ಕಾಮನ್‌ವೆಲ್ತಿನವು ಇನ್ನೊಂದು.