ನೇತಾಡುವಾಗ ಬಿಗಿದ ಬೋಲ್ಟು

ನನ್ನ ಕಾರಿನ ಮುಂದಿನ ಚಕ್ರಗಳನ್ನು ಕೆಳಗಿನಿಂದ ಹಿಡಿದಿಡುವ ತೋಳುಗಳನ್ನು, ಅಂದರೆ ಲೋವರ್ ಆರ್ಮ್‌ಗಳನ್ನು ನಾನೇ ಎರಡು ಸಲ ಬದಲಾಯಿಸಿದ್ದೇನೆ. ಮೊದಲನೇ ಸಲ ಹಾಕಿದ ಜೋಡಿ ಐದೇ ತಿಂಗಳಿಗೆ ಸದ್ದು ಮಾಡೋಕೆ ಶುರುವಾಯಿತು. ಕಂಪನಿಯದ್ದಲ್ಲದ ಪಾರ್ಟ್ ತಗೊಂಡರೆ ಇಷ್ಟೇ ಹಣೆಬರಹ ಅಂತ ಬೈದುಕೊಂಡೆ. ಬಿಚ್ಚಿ ನೋಡಿದಾಗ ಗೊತ್ತಾಯಿತು, ತಪ್ಪು ಪಾರ್ಟಿನದ್ದಲ್ಲ, ನನ್ನದು.

ಆರ್ಮ್‌ನ ಹೊರ ತುದಿಯಲ್ಲಿ ಎಲ್ಲ ಕಡೆಗೂ ತಿರುಗುವ ಗುಂಡಿನ ಕೀಲು, ಅಂದರೆ ಬಾಲ್ ಜಾಯಿಂಟ್ ಇರುತ್ತದೆ. ಅದು ಚಕ್ರ ಹಿಡಿದಿರುವ ನಕಲ್‌ಗೆ ಸೇರುತ್ತದೆ. ಒಳ ತುದಿಯಲ್ಲಿ ರಬ್ಬರ್ ತುಂಬಿದ ಕೊಳವೆಗಳು, ಅಂದರೆ ಬುಶ್‌ಗಳು, ಅವು ಸಬ್‌ಫ್ರೇಮಿಗೆ, ಅಂದರೆ ಕಾರಿನ ಕೆಳಗಿನ ಲೋಹದ ಚೌಕಟ್ಟಿಗೆ. ಸಾಮಾನ್ಯವಾಗಿ ಈ ರಬ್ಬರ್ ಬುಶ್ ಬಾಗಿಲ ಕೀಲಿನ ಹಾಗೆ ಜಾರಿ ತಿರುಗುವುದಿಲ್ಲ. ರಬ್ಬರು ಹೊರಗಿನ ಕೊಳವೆಗೂ ಒಳಗಿನ ಕೊಳವೆಗೂ ಅಂಟಿಕೊಂಡಿರುತ್ತದೆ. ಬೋಲ್ಟ್ ಬಿಗಿದರೆ ಒಳಗಿನ ಕೊಳವೆ ಸಬ್‌ಫ್ರೇಮಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಆರ್ಮ್ ಮೇಲೆ ಕೆಳಗೆ ಆಡುವುದೆಲ್ಲ ರಬ್ಬರು ತಿರುಚಿಕೊಳ್ಳುವುದರಿಂದಲೇ. ನಾನು ಮಾಡಿದ್ದೇನು? ಕಾರು ಸ್ಟ್ಯಾಂಡ್ ಮೇಲಿತ್ತು, ಚಕ್ರ ಇರಲಿಲ್ಲ, ಆರ್ಮ್ ಕೆಳಕ್ಕೆ ನೇತಾಡುತ್ತಿತ್ತು. ಸ್ಪ್ಯಾನರ್ ಸಲೀಸಾಗಿ ಹೋಗುತ್ತಿತ್ತು, ಹಾಗೇ ಬಿಗಿದುಬಿಟ್ಟೆ. ಕಾರು ಕೆಳಗಿಳಿದ ಕ್ಷಣದಿಂದ ಆ ರಬ್ಬರು ಹಿಂಡಿದ ಬಟ್ಟೆಯ ಹಾಗೆ ತಿರುಚಿಕೊಂಡೇ ಇತ್ತು. ಸುಮ್ನೆ ನಿಂತಾಗಲೂ! ಗುಂಡಿಗೆ ಬಿದ್ದಾಗ ಇನ್ನೂ ಜಾಸ್ತಿ. ಎರಡೂ ಕಡೆ ಒಂದೇ ಜಾಗದಲ್ಲಿ ಹರಿದಿತ್ತು.

ಎರಡನೇ ಸಲ ಆತುರ ಮಾಡಲಿಲ್ಲ. ಹಿಂದಿನ ರಾತ್ರಿಯೇ ಎಲ್ಲ ಬೋಲ್ಟಿಗೂ ತುಕ್ಕು ಬಿಡಿಸುವ ಎಣ್ಣೆ ಹೊಡೆದೆ. ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಮುಂದಿನ ಎರಡೂ ಕಡೆ ಒಟ್ಟಿಗೆ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿದೆ. ಒಂದೇ ಕಡೆ ಎತ್ತಿದರೆ ಎಡ ಬಲದ ಸಸ್ಪೆನ್ಶನ್ ಜೋಡಿಸುವ ಸರಳು, ಅಂದರೆ ಸ್ಟೆಬಿಲೈಸರ್ ಬಾರ್, ತಿರುಚಿಕೊಂಡು ಆರ್ಮನ್ನು ತಳ್ಳುತ್ತಿರುತ್ತದೆ, ಆ ಬಾರಿನ ಲಿಂಕ್ ಬಿಚ್ಚುವಾಗ ಕೈಗೆ ಬಡಿಯುತ್ತದೆ. ಬರೀ ಜಾಕ್ ನಂಬಿ ಕಾರಿನ ಕೆಳಗೆ ತಲೆ ಹಾಕಬೇಡಿ, ಎರಡು ನಿಮಿಷದ ಕೆಲಸವಾದರೂ ಸರಿ.

ಬಾಲ್ ಜಾಯಿಂಟ್ ಮಾತ್ರ ಬೆವರಿಳಿಸಿತು. ನನ್ನ ಕಾರಿನಲ್ಲಿ ಅದರ ಕಡ್ಡಿ ಶಂಕುವಿನಾಕಾರದ್ದು, ನಕಲ್ ಒಳಗೆ ಬೆಣೆಯ ಹಾಗೆ ಕಚ್ಚಿ ಕೂತಿರುತ್ತದೆ. ನಟ್ ಪೂರ್ತಿ ತೆಗೆಯದೆ ಕೆಲವು ಸುತ್ತು ಉಳಿಸಿಕೊಂಡು, ನಕಲ್‌ನ ಕಿವಿಗೆ ಪಕ್ಕದಿಂದ ಸುತ್ತಿಗೆಯಲ್ಲಿ ಜೋರಾಗಿ ಹೊಡೆದೆ. ನಾಲ್ಕನೇ ಏಟಿಗೆ ಟಪ್ ಅಂತ ಬಿಟ್ಟಿತು. ನಟ್ ಉಳಿಸಿದ್ದಕ್ಕೆ ಆರ್ಮ್ ಕಾಲ ಮೇಲೆ ಬೀಳಲಿಲ್ಲ. ಬಿಟ್ಟ ಮೇಲೆ ನಕಲ್ ಹೊರಕ್ಕೆ ವಾಲದಂತೆ ಹಗ್ಗದಲ್ಲಿ ಕಟ್ಟಿ ನಿಲ್ಲಿಸಿದೆ. ಇಲ್ಲದಿದ್ದರೆ ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಒಳಗಿನ ಜಾಯಿಂಟಿನಿಂದ ಕಳಚಿಕೊಳ್ಳಬಹುದು, ಬ್ರೇಕ್ ಹೋಸ್ ಮತ್ತು ಎಬಿಎಸ್ ವೈರ್ ಎಳೆಯಬಹುದು.

ಈ ಸಲ ತಂದ ಆರ್ಮ್‌ನಲ್ಲಿ ಮುಂದಿನ ಬುಶ್ ಪಾಲಿಯುರೆಥೇನ್ (ರಬ್ಬರಿಗಿಂತ ಗಟ್ಟಿಯಾದ ಪ್ಲಾಸ್ಟಿಕ್, ಚಿಕ್ಕದಾಗಿ ಪಾಲಿ), ಹಿಂದಿನ ದೊಡ್ಡದು ರಬ್ಬರೇ. ಎರಡೂ ಪಾಲಿ ಇರುವುದೂ ಸಿಗುತ್ತದೆ, ನಾನು ಬೇಕಂತಲೇ ಬಿಟ್ಟೆ. ರಸ್ತೆಯ ನಡುಕ ನುಂಗುವುದು ಆ ದೊಡ್ಡ ರಬ್ಬರು. ಅದನ್ನೂ ಗಟ್ಟಿ ಮಾಡಿದರೆ ಪ್ರತಿ ಕಲ್ಲೂ ಸ್ಟೀರಿಂಗಿಗೆ ಬಂದು ಮಾತಾಡಿಸುತ್ತದೆ. ದಿನಾ ಓಡಿಸುವ ಕಾರಿಗೆ ಅದು ಬೇಡ ಅಲ್ವಾ? ಪಾಲಿ ಬುಶ್ ಅಂಟಿಸಿದ್ದಲ್ಲ, ಒಳಗಿನ ಕೊಳವೆಯ ಸುತ್ತ ಜಾರಿ ತಿರುಗುತ್ತದೆ. ಹಾಗಾಗಿ ಅದಕ್ಕೆ ಗ್ರೀಸ್ ಬೇಕು, ಅದರ ಜೊತೆ ಬಂದ ಸಿಲಿಕೋನ್ ಗ್ರೀಸನ್ನೇ ಹಾಕಿದೆ. ರಬ್ಬರ್ ಬುಶ್‌ಗೆ ಮಾತ್ರ ಗ್ರೀಸ್ ಬಳಿಯಬೇಡಿ. ಅದಕ್ಕೆ ಅದು ಬೇಕಿಲ್ಲ, ಪೆಟ್ರೋಲಿಯಂ ಗ್ರೀಸ್ ತಾಗಿದರೆ ರಬ್ಬರು ಉಬ್ಬಿ ಹಾಳಾಗುತ್ತದೆ.

ಬುಶ್ ಬೋಲ್ಟ್‌ಗಳನ್ನು ಕೈಯಲ್ಲಿ ತಿರುಗುವಷ್ಟೇ ಹಾಕಿ ಬಿಟ್ಟೆ. ಬಾಲ್ ಜಾಯಿಂಟಿನ ನಟ್ ಮಾತ್ರ ಆಗಲೇ, ಬಿಗಿಯನ್ನು ಅಳೆದು ತೋರಿಸುವ ಟಾರ್ಕ್ ರೆಂಚ್‌ನಲ್ಲಿ ಬಿಗಿದೆ. ನಟ್ ಸಡಿಲವಾಗದಂತೆ ತೂರಿಸುವ ಸ್ಪ್ಲಿಟ್ ಪಿನ್ನಿನ ತೂತು ಸರಿಯಾಗಿ ಬರಲಿಲ್ಲ. ಆಗ ನಟ್ ಮುಂದಕ್ಕೆ ತಿರುಗಿಸಬೇಕು, ತೂತು ಸಿಗಲಿ ಅಂತ ಹಿಂದಕ್ಕೆ ಸಡಿಲಿಸಬಾರದು. ಆಮೇಲೆ ಚಕ್ರ ಹಾಕಿ, ಕಾರನ್ನು ಗಟ್ಟಿಯಾದ ರ‍್ಯಾಂಪ್ ಮೇಲೆ ಇಳಿಸಿ, ಬಾನೆಟ್ ಒತ್ತಿ ನಾಲ್ಕು ಸಲ ಕುಣಿಸಿದೆ. ಸಸ್ಪೆನ್ಶನ್ ತನ್ನ ಮಟ್ಟಕ್ಕೆ ಬಂತು. ಆಗ ಕೆಳಗೆ ತೂರಿ ಬುಶ್ ಬೋಲ್ಟ್ ಬಿಗಿದೆ. ಜಾಗ ಇಕ್ಕಟ್ಟು, ರೆಂಚ್ ಒಂದೊಂದು ಸಲಕ್ಕೆ ಬೆರಳಗಲವಷ್ಟೇ ಆಡುತ್ತದೆ. ಇದೇ ಇಕ್ಕಟ್ಟಿಗೆ ಬೇಸತ್ತು ಮೊದಲ ಸಲ ಮೋಸ ಹೋಗಿದ್ದು. ಟಾರ್ಕ್ ಎಷ್ಟು ಅನ್ನೋದನ್ನು ನಿಮ್ಮ ಕಾರಿನ ಮ್ಯಾನ್ಯುವಲ್‌ನಲ್ಲಿ ನೋಡಿ, ಆರ್ಮ್ ಮಾಡಿದವರು ಬೇರೆ ಹೇಳಿದ್ದರೆ ಅದನ್ನು ಹಿಡಿಯಿರಿ. ನೈಲಾನ್ ಲಾಕ್ ನಟ್ ಹಳೇದನ್ನು ಮತ್ತೆ ಹಾಕಬೇಡಿ.

ಬಿಗಿದ ಪ್ರತಿ ನಟ್ ಮೇಲೂ ಬೋಲ್ಟಿನವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದೆ. ಗೆರೆ ಮುರಿದಿದ್ದರೆ ನಟ್ ಸರಿದಿದೆ ಅಂತ ಅರ್ಥ. ಮರುದಿನ ನೇರ ಅಲೈನ್‌ಮೆಂಟಿಗೆ ಹೋದೆ. ಸ್ಟೀರಿಂಗ್ ಎಡಕ್ಕೆ ವಾಲಿತ್ತು, ಟೋ, ಅಂದರೆ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ, ಕೆಟ್ಟಿತ್ತು. ಅದನ್ನು ಹಾಗೇ ಬಿಟ್ಟರೆ ಹೊಸ ಟೈರ್ ಕೂಡ ಬೇಗ ಸವೆಯುತ್ತದೆ.

500 ಕಿಲೋಮೀಟರ್ ಆದ ಮೇಲೆ ಒಮ್ಮೆ ಎಲ್ಲ ಬೋಲ್ಟಿಗೂ ರೆಂಚ್ ಹಿಡಿದು ನೋಡಿದೆ. ಈಗ ಆಯಿಲ್ ಬದಲಿಸುವಾಗಲೆಲ್ಲ ಗೆರೆ ನೋಡುತ್ತೇನೆ, ಬಾಲ್ ಜಾಯಿಂಟಿನ ರಬ್ಬರ್ ಮುಸುಕು, ಅಂದರೆ ಬೂಟ್, ಬಿರಿದಿದೆಯಾ ಅಂತ ಬೆರಳಾಡಿಸುತ್ತೇನೆ, ಬುಶ್ ಹತ್ತಿರ ಮೀಟುಗೋಲು ಹಾಕಿ ಅಲ್ಲಾಡಿಸುತ್ತೇನೆ. ಬೂಟ್ ಹರಿದರೆ ನೀರು, ಮರಳು ಒಳಗೆ ಹೋಗಿ ಜಾಯಿಂಟ್ ಬೇಗ ಸಾಯುತ್ತದೆ.

ಕಳೆದ ಮಳೆಗಾಲದಲ್ಲಿ ಬಲಗಡೆ ಕಿರ‍್ರ್ ಅನ್ನೋಕೆ ಶುರುವಾಯಿತು. ಪಾಲಿ ಒಣಗಿದೆ ಅಂತ ಎರಡು ಭಾನುವಾರ ಆರ್ಮ್ ಇಳಿಸಿ ಗ್ರೀಸ್ ಹಾಕಿದೆ. ನಿಲ್ಲಲಿಲ್ಲ. ಮೂರನೇ ಭಾನುವಾರ ಗೆಳೆಯ ಬಾನೆಟ್ ಒತ್ತುತ್ತಿದ್ದ, ನಾನು ಕೆಳಗೆ ಕಿವಿ ಕೊಟ್ಟು ಮಲಗಿದ್ದೆ. ಕಿರುಚುತ್ತಿದ್ದದ್ದು ಸ್ಟೆಬಿಲೈಸರ್ ಬಾರಿನ ಬುಶ್.