ಮಾತ್ರೆ ಮೂರು, ಹೊಟ್ಟೆ ಒಂದೇ: ಮೊದಲ ವಾರಗಳನ್ನು ದಾಟುವುದು ಹೇಗೆ?

ಖಿನ್ನತೆಗೆ ಒಂದು ಮಾತ್ರೆ, ನಿದ್ದೆಗೆ ಇನ್ನೊಂದು, ಮೂಡ್ ಏರಿಳಿತಕ್ಕೆ ಮತ್ತೊಂದು. ಮೂರೂ ಒಟ್ಟಿಗೆ ಶುರುವಾದ ವಾರದಲ್ಲೇ ಹೊಟ್ಟೆ ತೊಳಸಬಹುದು, ತಲೆ ಸುತ್ತಬಹುದು. ಆಗ ಬಹಳ ಜನ ಮಾಡುವುದು ಒಂದೇ ಕೆಲಸ. ಅನುಮಾನ ಬಂದ ಮಾತ್ರೆಯನ್ನು ಯಾರಿಗೂ ಹೇಳದೆ ಬಿಟ್ಟುಬಿಡುತ್ತಾರೆ. ನಾನು ನೋಡಿದ ಮಟ್ಟಿಗೆ, ಹಾಗೆ ಬಿಡುವುದು ಹೆಚ್ಚಾಗಿ ತಪ್ಪು ಮಾತ್ರೆಯನ್ನೇ.

1. ಮೊದಲು ಡಾಕ್ಟರಿಗೆ ಎಲ್ಲ ಹೇಳಿ. ಬೇರೆ ಮಾತ್ರೆ, ಗಿಡಮೂಲಿಕೆ, ಕುಡಿತ, ಬಸಿರು, ಏನನ್ನೂ ಮುಚ್ಚಿಡಬೇಡಿ.

2. ಒಂದು ನೋಟ್‌ಬುಕ್ ಇಡಿ. ಆ್ಯಪ್ ಬೇಡ, ಪೆನ್ನು ಪುಸ್ತಕವೇ ಸಾಕು. ಎಲ್ಲರೂ ಎಡವುವುದು ಇಲ್ಲೇ. ಮಾತ್ರೆ ಶುರುವಾಗುವ ಮುಂಚೆಯೇ ಒಂದು ಪುಟ ಬರೆಯಿರಿ: ತಲೆನೋವು ಇದೆಯಾ, ನಿದ್ದೆ ಎಷ್ಟು ಗಂಟೆ, ಹಸಿವು ಹೇಗೆ, ತೂಕ ಎಷ್ಟು. ಸುಸ್ತು, ತಲೆನೋವು, ಕೆಟ್ಟ ನಿದ್ದೆ ಕಾಯಿಲೆಯಿಂದಲೂ ಬರುತ್ತವೆ. ಈ ಪುಟ ಇಲ್ಲದಿದ್ದರೆ ಹಳೆಯ ತೊಂದರೆಯನ್ನೂ ಹೊಸ ಮಾತ್ರೆಯ ತಲೆಗೆ ಕಟ್ಟುತ್ತೀರಿ.

ಆಮೇಲೆ ದಿನಾ ಎರಡು ಸಮಯ ಬರೆಯಿರಿ: ಮಾತ್ರೆ ನುಂಗಿದ್ದು ಯಾವಾಗ, ತೊಂದರೆ ಶುರುವಾಗಿದ್ದು ಯಾವಾಗ. ಬೆಳಿಗ್ಗೆ ಖಿನ್ನತೆಯ ಮಾತ್ರೆ ಸರ್ಟ್ರಲಿನ್ ನುಂಗಿ ಸ್ವಲ್ಪ ಹೊತ್ತಿಗೆ ವಾಕರಿಕೆ ಬಂದರೆ ಸುಳಿವು ಸಿಕ್ಕಿತು. ಅದು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ತಗ್ಗುತ್ತದೆ. ರಾತ್ರಿ ಕ್ವೆಟಿಯಾಪಿನ್ (ಮೂಡ್ ಏರಿಳಿತಕ್ಕೆ ಕೊಡುವ, ಮಂಪರು ತರುವ ಮಾತ್ರೆ) ತಗೊಂಡು ಮರುದಿನ ಹನ್ನೊಂದಾದರೂ ಕಣ್ಣು ಎಳೆಯುತ್ತಿದ್ದರೆ ಅದೂ ಸುಳಿವೇ. ಜೊತೆಗೆ ಆತಂಕಕ್ಕೆ, ನಿದ್ದೆಗೆ ಕೊಡುವ ಕ್ಲೊನಜೆಪಾಮ್ ಇದ್ದರೆ ಎರಡರ ಮಂಪರೂ ಕೂಡಿಕೊಳ್ಳುತ್ತದೆ. ಕೈ ನಡುಕವಂತೂ ಮೂಡ್ ಏರಿಳಿತದ ಮಾತ್ರೆಗಳಾದ ಲಿಥಿಯಂನಿಂದಲೂ ಬರಬಹುದು, ವಾಲ್ಪ್ರೊಯೇಟ್‌ನಿಂದಲೂ ಬರಬಹುದು. ನೀವೇ ತೀರ್ಪು ಕೊಡಬೇಡಿ, ಸುಮ್ನೆ ಬರೆದಿಡಿ.

ಒಂದು ಮಾತ್ರ ಬೇರೆಯಾಗಿ ಗುರುತು ಹಾಕಿ. ಕೂತಲ್ಲಿ ಕೂರಲಾಗದ, ಕಾಲು ಆಡಿಸುತ್ತಲೇ ಇರಬೇಕೆನಿಸುವ ಚಡಪಡಿಕೆ. ಭ್ರಮೆ, ಮೂಡ್ ಏರಿಳಿತಕ್ಕೆ ಕೊಡುವ ಅರಿಪಿಪ್ರಜೋಲ್, ಹ್ಯಾಲೊಪೆರಿಡಾಲ್‌ನಂಥ ಮಾತ್ರೆಗಳಿಂದ ಇದು ಬರುತ್ತದೆ. ಜನ ಇದನ್ನು ಆತಂಕ ಅಂದುಕೊಂಡು ಅದೇ ಮಾತ್ರೆಯನ್ನು ಇನ್ನೊಂದು ನುಂಗುತ್ತಾರೆ, ಚಡಪಡಿಕೆ ಇನ್ನೂ ಜಾಸ್ತಿಯಾಗುತ್ತದೆ. ಅಂದೇ ಡಾಕ್ಟರಿಗೆ ಫೋನ್ ಮಾಡಿ, ಇದಕ್ಕೆ ಪರಿಹಾರ ಇದೆ.

3. ಸಣ್ಣ ಉಪಾಯಗಳು. ವಾಕರಿಕೆ ಇದ್ದರೆ ಊಟದ ಜೊತೆ ನುಂಗಿ. ಹಾಸಿಗೆಯಿಂದ ಏಳುವಾಗ ಒಂದು ನಿಮಿಷ ಅಂಚಿನಲ್ಲಿ ಕೂತು ಏಳಿ. ಬಾಯಿ ಒಣಗಿದರೆ ಆಗಾಗ ಗುಟುಕು ನೀರು. ಹೊತ್ತು ಬದಲಿಸುವುದಿದ್ದರೆ ಕೇಳಿ ಬದಲಿಸಿ. ಒಂದು ಡೋಸ್ ತಪ್ಪಿತೆಂದು ಮರುದಿನ ಎರಡು ನುಂಗಬೇಡಿ.

ಮಾತ್ರೆ ಡಬ್ಬಿ ಕೊಳ್ಳುವುದಾದರೆ ಗಟ್ಟಿ ಮುಚ್ಚಳದ್ದನ್ನೇ ಕೊಳ್ಳಿ. ತೆಳು ಮುಚ್ಚಳದ್ದು ಚೀಲದಲ್ಲಿ ತಾನಾಗಿ ತೆರೆದುಕೊಂಡು ಸೋಮವಾರದ್ದೂ ಗುರುವಾರದ್ದೂ ಒಂದಾಗುತ್ತದೆ. ಮನಸ್ಸಿಗೆ ಹಿತ ಎಂದು ಮಾರುವ ಸೇಂಟ್ ಜಾನ್ಸ್ ವರ್ಟ್ ಎಂಬ ಗಿಡಮೂಲಿಕೆ ಕಡೆ ತಿರುಗಿಯೂ ನೋಡಬೇಡಿ. ಅದು ಖಿನ್ನತೆಯ ಮಾತ್ರೆಗಳ ಜೊತೆ ಸೇರಿದರೆ ಅಪಾಯ. ಡೆಕ್ಸ್ಟ್ರೊಮೆಥೊರ್ಫಾನ್ ಇರುವ ಕೆಮ್ಮಿನ ಸಿರಪ್, ನೋವಿನ ಮಾತ್ರೆ ಟ್ರಾಮಡಾಲ್ ಕೂಡ ಕೇಳದೆ ಬೇಡ.

ಲಿಥಿಯಂ ತಗೊಳ್ಳುವವರು ನೀರು, ಉಪ್ಪು ಎರಡನ್ನೂ ದಿನಾ ಒಂದೇ ಸಮ ಇಡಬೇಕು. ತೂಕ ಇಳಿಸಲು ಏಕಾಏಕಿ ಉಪ್ಪು ಬಿಟ್ಟರೆ ರಕ್ತದಲ್ಲಿ ಲಿಥಿಯಂ ಏರುತ್ತದೆ. ನೋವಿನ ಮಾತ್ರೆಗಳಾದ ಐಬುಪ್ರೊಫೇನ್, ಡೈಕ್ಲೊಫೆನಾಕ್ ನುಂಗಿದರೂ ಏರಬಹುದು.

4. ಕಾಯಬಾರದ ಸಂಗತಿಗಳು. ಮೂಡ್ ಏರಿಳಿತಕ್ಕೆ ಕೊಡುವ ಲ್ಯಾಮೊಟ್ರಿಜಿನ್ ಶುರುವಾದ ಮೇಲೆ ಮೈಮೇಲೆ ದದ್ದು, ಅದರಲ್ಲೂ ಜ್ವರ ಅಥವಾ ಬಾಯಿಹುಣ್ಣಿನ ಜೊತೆ. ಕುತ್ತಿಗೆ ತಿರುಚಿಕೊಳ್ಳುವುದು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳುವುದು. ಜೋರು ಜ್ವರ, ಮೈ ಬಿಗಿತ, ಗೊಂದಲ. ಲಿಥಿಯಂ ಇದ್ದು ವಾಂತಿ ಭೇದಿ, ಜೋರು ನಡುಕ, ತೊದಲುವಿಕೆ. ಸಾಯಬೇಕೆನ್ನುವ ಯೋಚನೆ. ಇವುಗಳಲ್ಲಿ ಒಂದು ಕಂಡರೂ ಮಾತ್ರೆಯ ಸ್ಟ್ರಿಪ್‌ಗಳನ್ನೂ ನೋಟ್‌ಬುಕ್ಕನ್ನೂ ಹಿಡಿದು ನೇರ ತುರ್ತು ಚಿಕಿತ್ಸೆಗೆ ಹೋಗಿ.

5. ಮರುಭೇಟಿ. ಇಡೀ ಪುಸ್ತಕ ಓದಿ ಹೇಳಬೇಡಿ. ಹೆಚ್ಚು ಕಾಡಿದ ಮೂರನ್ನು ಮೇಲೆ ಬರೆದುಕೊಂಡು ಹೋಗಿ. ಆಗುವುದಾದರೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡೋಣವೇ ಎಂದು ಕೇಳಿ. ಎರಡು ಒಟ್ಟಿಗೆ ಬದಲಾದರೆ ಯಾವುದರಿಂದ ಏನಾಯಿತು ಎಂದು ಮತ್ತೆ ಗೊತ್ತಾಗುವುದಿಲ್ಲ, ಅಲ್ವಾ? ಭ್ರಮೆ, ಮೂಡ್ ಏರಿಳಿತಕ್ಕೆ ಕೊಡುವ ಓಲಂಜಪಿನ್ ಇದ್ದರೆ ತೂಕ, ಸಕ್ಕರೆ, ಕೊಬ್ಬಿನ ಪರೀಕ್ಷೆ ಯಾವಾಗ ಎಂದೂ ಕೇಳಿ. ರಕ್ತದಲ್ಲಿ ಲಿಥಿಯಂ ಎಷ್ಟಿದೆ ಎಂಬ ಪರೀಕ್ಷೆಗೆ ರಕ್ತ ಕೊಡಬೇಕಾದ್ದು ಹಿಂದಿನ ಡೋಸ್ ಆಗಿ 12 ಗಂಟೆ ಕಳೆದ ಮೇಲೆ. ಬೆಳಗಿನ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ರಕ್ತ ಕೊಟ್ಟ ಮೇಲೆ ನುಂಗಿ.